ಮೂವತ್ತೈದು ರೂಪಾಯಿಯ ಗಂಡ

ನವೆಂಬರ್ 2, 2009, ಸೋಮವಾರ
ಡೊಂಬಿವಲಿ

ಇವತ್ತು ನಾನಿರುವ ಅಣ್ಣನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದ ಚೆನ್ನಾಗಿತ್ತು. ನನ್ನ ಪಾಲಿಗೆ ಪ್ರಸಾದದ ಜೊತೆ ಒಂದು ಎಚ್ಚರಿಕೆ ಪತ್ರವೂ ಬಂತು.

ನನ್ನ ಕೆಲಸಕ್ಕೆ ಇರುವುದು ಒಂದೇ ಶಾಸ್ತ್ರ. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿ ಯಂತ್ರದ ಮುಂದೆ ಮಾತಾಡಿಟ್ಟದ್ದು ಬೆಳಿಗ್ಗೆ ಐದೂವರೆಗೆ ನನ್ನ ಕಂಪ್ಯೂಟರಿಗೆ ಇಳಿಯುತ್ತದೆ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಾಲಲ್ಲಿ ಪೆಡಲು ಒತ್ತಿ ಅವರ ಮಾತನ್ನು ಓಡಿಸುತ್ತ ನಿಲ್ಲಿಸುತ್ತ, ಹನ್ನೆರಡೂವರೆಯೊಳಗೆ ಟೈಪು ಮಾಡಿ ಕಳಿಸಬೇಕು. ಎಂಟು ವರ್ಷ ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಆಫೀಸಿನಲ್ಲಿ ಕೂತು ಮಾಡಿದೆ. ಆಗಸ್ಟಿನಲ್ಲಿ ಮಾಲೀಕರು ಆಫೀಸಿನ ಬಾಡಿಗೆ ಉಳಿಸುವುದಕ್ಕೆ ಹನ್ನೊಂದು ಜನರಿಗೂ ಒಂದೊಂದು ಪೆಡಲು ಕೊಟ್ಟು ಮನೆಗೆ ಕಳಿಸಿದರು. ಮನೆಯಿಂದಲೇ ಮಾಡಿ, ಆರಾಮ ಅಂದರು. ಡಿಸೆಂಬರ್ ಮುಗಿಯುವುದರೊಳಗೆ ಮೂರು ಸಲ ತಡವಾದರೆ ಪೆಡಲು ವಾಪಸು ಕೊಡಬೇಕು ಅಂತಲೂ ಅಂದರು, ಅದನ್ನು ಸಣ್ಣ ದನಿಯಲ್ಲಿ.

ಇಲ್ಲಿ ದಿನಾ ಒಂಬತ್ತಕ್ಕೆ ಕರೆಂಟು ಹೋಗುತ್ತದೆ, ಹನ್ನೊಂದಕ್ಕೆ ಬರುತ್ತದೆ. ಏಳು ಗಂಟೆಯ ಕೆಲಸವನ್ನು ಐದು ಗಂಟೆಯಲ್ಲಿ ಮುಗಿಸುವುದು ಕಲಿತಿದ್ದೇನೆ. ಅಕ್ಟೋಬರಿನಲ್ಲಿ ಒಂದು ದಿನ ಹನ್ನೆರಡಾದರೂ ಬರಲಿಲ್ಲ, ತಡವಾಯಿತು. ಇವತ್ತು ಕರೆಂಟು ಇತ್ತು, ಹಾಲ್ ಖಾಲಿ ಇರಲಿಲ್ಲ. ಕಂಪ್ಯೂಟರ್ ಇರುವುದು ಹಾಲ್‌ನಲ್ಲಿ, ದೇವರು ಕೂರುವುದೂ ಹಾಲ್‌ನಲ್ಲಿ. ಇಬ್ಬರಲ್ಲಿ ಯಾರು ಏಳಬೇಕು ಎಂದು ಯಾರೂ ಕೇಳಲಿಲ್ಲ. ಏಳರಿಂದ ಹತ್ತೂವರೆಯವರೆಗೆ ನನ್ನ ಯಂತ್ರದ ಮೇಲೆ ಅತ್ತಿಗೆಯ ರೇಷ್ಮೆ ಸೀರೆ ಮುಚ್ಚಿತ್ತು.

"ದೇವರ ಕೆಲಸಕ್ಕೆ ಮೂರು ಗಂಟೆ ಕೊಡ್ಲಿಕ್ಕೆ ಆಗುದಿಲ್ವಾ ನಿಂಗೆ?" ಅಂದ ಅಣ್ಣ.

"ಕೊಟ್ಟೆನಲ್ಲ. ಇನ್ನು ಅಲ್ಲಿ ಯಾರದೋ ಆಪರೇಷನ್ನಿಗೆ ನೀವೇ ಮೂರು ಗಂಟೆ ಕೊಡಿ."

ಮಧ್ಯಾಹ್ನ ನಮ್ಮ ಮೇಲ್ವಿಚಾರಕ ರಂಜನ್‌ನ ಮೇಲ್ ಬಂತು. ಎರಡನೆಯದು. ಉಳಿದಿರುವುದು ಒಂದು.


ನವೆಂಬರ್ 4, ಬುಧವಾರ

ಬೇರೆ ಮನೆ ಮಾಡುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಶಂಭು ಅಣ್ಣನಿಗೆ ಸ್ಟೇಷನ್ ಹತ್ತಿರ ಹೋಟೆಲು. ಸಿಟ್ಟು ಬಂದರೆ ತುಳು ಬಿಟ್ಟು ಕನ್ನಡಕ್ಕೆ ಬರುತ್ತಾನೆ. ಬಂದ.

"ನಲ್ವತ್ತೊಂದು ವರ್ಷದ ಹೆಂಗಸು ಒಬ್ಬಳೇ ರೂಮು ಮಾಡುದಾ? ನಾಳೆ ಜನ ನನ್ನ ಮುಖ ನೋಡಿ ಚಾ ಕುಡಿಯುದು ಹೇಗೆ?"

"ಚಾ ನೋಡಿ ಕುಡೀತಾರೆ ಅಣ್ಣ. ಅದನ್ನು ಸ್ವಲ್ಪ ಗಟ್ಟಿ ಮಾಡಿ."

ಒಳಗೆ ಅತ್ತಿಗೆ ನಕ್ಕದ್ದು ಕೇಳಿಸಿತು. ಕೂಡಲೇ ನಲ್ಲಿ ಬಿಟ್ಟಳು.

"ಕೆಲಸ ಹೋದ್ರೆ ಹೋಗ್ಲಿ. ಹೋಟೆಲಲ್ಲಿ ಕೌಂಟರಿಗೆ ಕೂತ್ಕೋ. ಊಟ, ಬಟ್ಟೆ ನಾನು ನೋಡುದಿಲ್ವಾ?"

ಊಟ, ಬಟ್ಟೆ ಎಂಬ ಎರಡು ಶಬ್ದ ಒಟ್ಟಿಗೆ ಕೇಳಿದರೆ ನನಗೆ ಹಸಿವು ಹೋಗುತ್ತದೆ. ಹದಿನೇಳನೇ ವರ್ಷಕ್ಕೆ ಕಾಪುವಿನಿಂದ ಈ ಮನೆಗೆ ಬಂದಾಗ ಹೇಳಿದ್ದೂ ಅದನ್ನೇ. ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಇಂಗ್ಲಿಷು ಕಲಿತೆ, ಟೈಪಿಂಗ್ ಕಲಿತೆ, ಹೃದಯದಲ್ಲಿ ಎಷ್ಟು ಕವಾಟ ಎಂದು ಕಲಿತೆ. ಅವನ ಮಾತು ಮಾತ್ರ ಹಾಗೇ ಇದೆ.

ಹಾಳೆಗೆ ನಾಲ್ಕು ಗೆರೆ ಎಳೆದೆ. ಕರೆಂಟು, ನೆಟ್ಟು, ಸದ್ದು, ಪ್ರಶ್ನೆ. ಈ ನಾಲ್ಕರಲ್ಲಿ ಯಾವ ಏರಿಯಾ ಗೆಲ್ಲುತ್ತದೋ ಅಲ್ಲಿ ನನ್ನ ಹೆಸರಿನಲ್ಲಿ ಮನೆ. ಪ್ರಶ್ನೆಯ ಕಾಲಮ್ಮು ಯಾಕೆಂದರೆ, ನನ್ನನ್ನು ಯಾರೂ ಗುರುತಿಸದ, ಯಾರೂ ಏನೂ ಕೇಳದ ಕಡೆ ಇರಬೇಕು.


ನವೆಂಬರ್ 8, ಭಾನುವಾರ

ಘೋಡಬಂದರ್ ರಸ್ತೆ. ಬ್ರೋಕರ್ ಹಿತೇಶ್ ಬೈಕಿನ ಹಿಂದೆ ಕೂರಿಸಿಕೊಂಡು ಹೋದ. ಮೂವತ್ತರ ಹುಡುಗ, ಎರಡು ಫೋನು, ಎರಡರಲ್ಲೂ ಒಂದೇ ಸುಳ್ಳು.

ಇಪ್ಪತ್ತೆರಡು ಮಾಳಿಗೆಯ ಟವರು. ಕೆಳಗೆ ಈಜುಕೊಳ, ಅದರಲ್ಲಿ ನೀರಿಲ್ಲ. ಕರೆಂಟಿನ ವಿಷಯದಲ್ಲಿ ನಾನು ಬ್ರೋಕರನ್ನು ನಂಬುವುದಿಲ್ಲ, ಸೆಕ್ರೆಟರಿಯನ್ನೂ ನಂಬುವುದಿಲ್ಲ. ನೇರ ಐಸ್‌ಕ್ರೀಮ್ ಅಂಗಡಿಗೆ ಹೋಗಿ ಒಂದು ಕೋನ್ ಕೊಂಡು ಕೇಳುತ್ತೇನೆ. ಕರೆಂಟು ಹೋದರೆ ಕರಗುವುದು ಅವನ ಮಾಲು. ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದಿಲ್ಲ. ಇಲ್ಲಿಯವನು ಹೋಗುವುದೇ ಇಲ್ಲ ಅಂದ. ಒಳ್ಳೆಯದು ಅಂದುಕೊಂಡು ಇಂಟರ್‌ವ್ಯೂಗೆ ಹೋದೆ. ಹೌದು, ಬಾಡಿಗೆಗೆ ಬರುವವರನ್ನು ಸೊಸೈಟಿಯ ಕಮಿಟಿ ಕೂರಿಸಿಕೊಂಡು ಇಂಟರ್‌ವ್ಯೂ ಮಾಡುತ್ತದೆ. ಅವರು ಎನ್‌ಒಸಿ ಎಂಬ ಒಪ್ಪಿಗೆ ಪತ್ರ ಬರೆದುಕೊಡದಿದ್ದರೆ ಮಾಲೀಕ ಬೀಗದ ಕೈ ಕೊಡುವುದಿಲ್ಲ.

ಒಬ್ಬರೇ ಇರುವುದಾ. ಮಿಸ್ಟರ್ ಎಲ್ಲಿ. ಯಾಕೆ ಇಲ್ಲ. ಗೆಳೆಯರು ಬರುತ್ತಾರಾ. ಗಂಡಸರಾ. ಮೀನು ಬೇಯಿಸುತ್ತೀರಾ. ಬೆಳಿಗ್ಗೆ ಐದಕ್ಕೆ ಎದ್ದು ಹೆಡ್‌ಫೋನು ಹಾಕಿಕೊಂಡು ಯಾವ ಗಂಡಸಿನ ದನಿ ಕೇಳುತ್ತೀರಿ. ಒಟ್ಟು ಹದಿನೇಳು ಪ್ರಶ್ನೆ. ಬಾಡಿಗೆ ಕೊಡುವ ಶಕ್ತಿ ಇದೆಯೇ ಎಂದು ಒಬ್ಬರೂ ಕೇಳಲಿಲ್ಲ.

"ಹೃದಯದ ಡಾಕ್ಟರದು," ಅಂದೆ. "ನಿಮ್ಮ ವಯಸ್ಸಿನವರ ವಿಷಯವೇ ಹೆಚ್ಚಾಗಿ ಮಾತಾಡುತ್ತಾರೆ."

ಓನ್ಲಿ ಫ್ಯಾಮಿಲಿ ಎಂದು ಎದ್ದರು. ಗೇಟಿನ ಹೊರಗೆ ಹಿತೇಶ್ ಹೆಲ್ಮೆಟ್ ತಿರುಗಿಸುತ್ತ ನಿಂತ. "ಮೇಡಂ, ನೀವು ಸಚ್ ಬೋಲ್ತೀರಿ, ಅದೇ ತೊಂದರೆ. ಕುತ್ತಿಗೆಗೊಂದು ಮಂಗಳಸೂತ್ರ ಹಾಕಿ. ಹಸ್ಬೆಂಡ್ ಗಲ್ಫ್ ಮೇಂ ಹೈ ಅನ್ನಿ. ಗಲ್ಫಿಗೆ ಯಾರೂ ಹೋಗಿ ನೋಡಲ್ಲ. ನನ್ನ ಅರ್ಧ ಲೇಡೀಸ್ ಪಾರ್ಟಿಗಳ ಹಸ್ಬೆಂಡ್ ಅಲ್ಲೇ ಇರೋದು."


ನವೆಂಬರ್ 11, ಬುಧವಾರ

ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಕರಿಮಣಿ ಸಿಕ್ಕಿತು. ಐವತ್ತು ಹೇಳಿದ, ಮೂವತ್ತೈದಕ್ಕೆ ಕೊಟ್ಟ. ನಲವತ್ತೊಂದು ವರ್ಷ ಸಿಗದ ಗಂಡ ಮೂವತ್ತೈದು ರೂಪಾಯಿಗೆ ಸಿಕ್ಕಿದ.

ಲೋಕಲ್ ರೈಲಿನಲ್ಲಿ ಡೊಂಬಿವಲಿ ಬರುವುದರೊಳಗೆ ಅವನನ್ನು ತಯಾರು ಮಾಡಿದೆ. ಹೆಸರು ಗಣಪತಿ. ಮಸ್ಕತ್ತಿನಲ್ಲಿ ಎಣ್ಣೆ ಕಂಪನಿ. ಸ್ಟೋರ್ ಸುಪರ್‌ವೈಸರ್, ಎಂಜಿನಿಯರ್ ಮಾಡಿದರೆ ಇವಳು ಕೆಲಸ ಯಾಕೆ ಮಾಡುತ್ತಾಳೆ ಅನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ರಜೆ. ಕುಡಿಯುವುದಿಲ್ಲ. ಸ್ವಲ್ಪ ಸಕ್ಕರೆ ಕಾಯಿಲೆ ಕೊಟ್ಟೆ, ಹತ್ತಿರದವನಂತೆ ಅನ್ನಿಸಲಿ ಎಂದು. ಅವನ ರೋಗದ ವಿವರ ನನಗಿಂತ ಚೆನ್ನಾಗಿ ಯಾವ ಹೆಂಡತಿಗೂ ಗೊತ್ತಿರಲಾರದು.


ನವೆಂಬರ್ 15, ಭಾನುವಾರ

ಗಣಪತಿಗೆ ಏನು ಮರ್ಯಾದೆ. ವಾಗ್ಳೆ ಎಸ್ಟೇಟಿನ ಹಿಂದಿನ ಒಂದು ಬಿಲ್ಡಿಂಗಿನಲ್ಲಿ ಕುರ್ಚಿ ಕೊಟ್ಟರು, ಚಾ ಕೊಟ್ಟರು, ಭಾಭೀಜಿ ಅಂದರು. ಮೂರೇ ಪ್ರಶ್ನೆ, ಅವೂ ಅವನ ಆರೋಗ್ಯದ ಬಗ್ಗೆ. ಇಂಥ ಮನುಷ್ಯನನ್ನು ನಾನು ಮೊದಲೇ ಹುಟ್ಟಿಸಬೇಕಿತ್ತು.

ಮನೆ ಮಾತ್ರ ಆಗಲಿಲ್ಲ. ಎದುರಿನ ಫ್ಯಾಕ್ಟರಿಯಲ್ಲಿ ತಗಡು ಬಡಿಯುವ ಪ್ರೆಸ್ಸು, ನಿಮಿಷಕ್ಕೆ ಎಪ್ಪತ್ತು ಸಲ. ನಾನು ಗಡಿಯಾರ ಹಿಡಿದು ಎಣಿಸಿದೆ. ಡಾಕ್ಟರು ಫಿಫ್ಟೀನ್ ಮಿಲಿಗ್ರಾಮ್ ಅಂದದ್ದು ಫಿಫ್ಟಿ ಎಂದು ಕೇಳಿಸಿದರೆ ಅಲ್ಲಿ ಒಬ್ಬ ಸಾಯುತ್ತಾನೆ. ಬೇಡ ಅಂದೆ.

ಬೇಡ ಎಂದು ನಾನು ಹೇಳಿದ ಮೊದಲ ಮನೆ ಇದು. ಹಿತೇಶನ ಮುಖ ಬಾಡಿತು, ನನ್ನದು ಬಾಡಲಿಲ್ಲ.


ನವೆಂಬರ್ 18

ಕರೆಂಟು. ತಡವಾಗಿ ಬಂತು. ಗಡುವಿಗೆ ಇಪ್ಪತ್ತು ನಿಮಿಷ ಇರುವಾಗ ಕೊನೆಯ ಫೈಲು ಕಳಿಸಿದೆ.


ನವೆಂಬರ್ 21, ಶನಿವಾರ

ಸಿಕ್ಕಿತು. ಕೈಗೆ ಬಂತು. ಬಾಯಿಗೆ ಬರಲಿಲ್ಲ.

ಐರೋಲಿ. ಸ್ಟೇಷನ್ನಿನಿಂದ ಹತ್ತು ನಿಮಿಷ. ಎರಡನೇ ಮಾಳಿಗೆ, ಒಂದು ರೂಮು, ಕಿಟಕಿಯಿಂದ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆ, ಅದರಾಚೆ ಮುಲುಂಡ್. ಸದ್ದಿಲ್ಲ. ಪಕ್ಕದಲ್ಲೇ ಐಟಿ ಪಾರ್ಕು, ಹಾಗಾಗಿ ನೆಟ್ಟಿನ ತಂತಿ ಬಾಗಿಲವರೆಗೆ ಬಂದು ಕೂತಿದೆ. ಐಸ್‌ಕ್ರೀಮಿನವನು ಶುಕ್ರವಾರ ಮಧ್ಯಾಹ್ನ ಎರಡರ ಮೇಲೆ ಒಂದು ಗಂಟೆ ಹೋಗುತ್ತದೆ, ಅಷ್ಟೇ ಅಂದ. ನಾಲ್ಕು ಕಾಲಮ್ಮಿನಲ್ಲಿ ಮೂರಕ್ಕೆ ನೂರಕ್ಕೆ ನೂರು.

ನಾಲ್ಕನೆಯದು ಸೆಕ್ರೆಟರಿ. ಹೆಸರು ಚೆನ್ನಯ, ನಮ್ಮ ತುಳುನಾಡಿನ ಹೆಸರು. ಹೆಸರು ಕೇಳಿದ ಕೂಡಲೇ ನಾನು ಎದ್ದು ಬರಬೇಕಿತ್ತು. ಮನೆ ನೋಡಿ ತಲೆ ತಿರುಗಿತ್ತು, ಕೂತೆ.

"ಊರು ಎಲ್ಲಿ ನಿಮ್ದು?"

"ಕಾಪು."

"ಯಜಮಾನರದ್ದು?"

ಗಣಪತಿಯ ಸಂಬಳ ಗೊತ್ತು, ಕ್ಯಾಂಪಿನ ನಂಬರ್ ಗೊತ್ತು, ರಕ್ತದಲ್ಲಿ ಸಕ್ಕರೆ ಎಷ್ಟೆಂದು ಗೊತ್ತು. ಊರು ಕೊಟ್ಟಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಶಿರ್ವ."

"ಶಿರ್ವದಲ್ಲಿ ಯಾರ ಮನೆ?"

"ಪೇಟೆ ಹತ್ತಿರ."

"ಹತ್ತಿರ ಅಲ್ಲ, ಯಾರ ಮನೆ ಅಂತ ಕೇಳಿದ್ದು. ನನ್ನ ತಾಯಿಮನೆ ಶಿರ್ವ."

"ಅವರು ಸಣ್ಣದಿರುವಾಗಲೇ ಊರು ಬಿಟ್ಟವರು."

"ಬಿಟ್ಟು ಹೋದವರದ್ದೇ ಅಲ್ವಾ ಊರಲ್ಲಿ ಮಾತಾಡುದು?" ಚೆನ್ನಯರು ಕನ್ನಡಕ ತೆಗೆದು ಒರೆಸಿಕೊಂಡರು. "ಮಸ್ಕತ್ ಅಂದ್ರಲ್ಲ. ನನ್ನ ಭಾವ ಇಪ್ಪತ್ತು ವರ್ಷದಿಂದ ಅಲ್ಲೇ. ನಮ್ಮವರ ಪೂಜೆಗೆ ಅಲ್ಲಿ ರಶೀದಿ ಹರಿಯುವವನೇ ಅವ. ಗಣಪತಿ ಅಂತ ಕೇಳಿ ಹೇಳ್ತೇನೆ, ಆಗದಾ?"

ಆಗದೆ ಏನು.

ಗುಜರಾತಿಗೆ, ಮರಾಠಿಗೆ, ಸಿಂಧಿಗೆ ಗಂಡ ಅಂದರೆ ಹೆಸರು ಮತ್ತು ಕೆಲಸ ಸಾಕು. ನಮ್ಮವರಿಗೆ ಮನೆ ಬೇಕು, ಮನೆಯ ಹಿಂದಿನ ಗದ್ದೆ ಬೇಕು, ಆ ಗದ್ದೆ ಯಾರ ಪಾಲಿಗೆ ಹೋಯಿತೆಂದು ಬೇಕು. ಒಬ್ಬ ಗಂಡನನ್ನು ಹುಟ್ಟಿಸಿ ಅವನಿಗೆ ಮನೆ ಕೊಡಲು ಮರೆತೆ. ಇದು ಹಿತೇಶನಿಗೆ ತಿಳಿಯದ ವಿಷಯ; ನನಗೆ ತಿಳಿಯದೆ ಹೋದದ್ದು ನಾಚಿಕೆ.


ನವೆಂಬರ್ 22, ಭಾನುವಾರ

ಬೆಳಿಗ್ಗೆ ಎಂಟಕ್ಕೇ ಹೋಟೆಲಿನ ಕೌಂಟರಿನಲ್ಲಿ ಮೂವರು ಅಣ್ಣನ ಕೈ ಕುಲುಕಿದರಂತೆ. ತಂಗಿಯ ಮದುವೆ ಗುಟ್ಟಾಗಿ ಮುಗಿಸಿದಿರಿ, ಊಟಕ್ಕೂ ಕರೆಯಲಿಲ್ಲ ಎಂದು. ಐರೋಲಿಯಿಂದ ಡೊಂಬಿವಲಿಗೆ ರೈಲಿನಲ್ಲಿ ಒಂದು ಗಂಟೆ ಬೇಕು, ಸುದ್ದಿಗೆ ಬೇಡ.

ಅಣ್ಣ ಹೊಡೆಯಲು ಬಂದಾನು ಎಂದು ಕೂತಿದ್ದೆ. ಬಂದು ಎದುರು ಕೂತ. ಅತ್ತಿಗೆ ಬಾಗಿಲ ಹತ್ತಿರ. ಸೋನಾಲಿ, ಅಣ್ಣನ ಮಗಳು, ಇಪ್ಪತ್ತು ವರ್ಷ, ಮಂಚದ ಮೇಲೆ ಕಾಲು ಮಡಚಿಕೊಂಡು. ಅವಳಿಗೆ ನಾವು ಮಾತಾಡಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ.

"ಆತ್ಯಾ, ಫೋಟೋ ತರೀ ದಾಖವ್," ಅಂದಳು. ಅತ್ತೇ, ಫೋಟೋ ಆದರೂ ತೋರಿಸು ಅಂತ. ಅತ್ತಿಗೆ ಅವಳ ಮೊಣಕಾಲಿಗೆ ಒಂದು ಕೊಟ್ಟಳು.

"ನಾನು ಹೌದು ಅಂದೆ," ಅಂದ ಅಣ್ಣ.

"ಯಾವುದಕ್ಕೆ ಹೌದು?"

"ಮದುವೆಗೆ. ರಿಜಿಸ್ಟರ್ ಮದುವೆ, ಹುಡುಗನಿಗೆ ರಜೆ ಇರ್ಲಿಲ್ಲ, ಊಟ ಮತ್ತೆ ಇಟ್ಟುಕೊಳ್ತೇವೆ ಅಂತ ಹೇಳಿದೆ. ಇಲ್ಲ ಅಂದಿದ್ರೆ ಎಂತ ಹೇಳಬೇಕಿತ್ತು? ನನ್ನ ತಂಗಿ ಸುಳ್ಳಿ ಅಂತಲಾ?"

ನನಗಾಗಿ ಅಣ್ಣ ಸುಳ್ಳು ಹೇಳಿ ಬಂದಿದ್ದಾನೆ. ಇದು ನನಗೆ ಅಪರೂಪ, ಬರೆದಿಡುತ್ತೇನೆ.

ಚೆನ್ನಯರ ಜೊತೆ ಮಾತಾಡಿ ಆಗಿದೆಯಂತೆ. ಅವರಿಗೂ ಸುಳ್ಳೆಂದು ಗೊತ್ತು. ಅವರಿಗೆ ಬೇಕಾದದ್ದು ರಿಜಿಸ್ಟರಿನಲ್ಲಿ ತುಂಬಲು ಒಂದು ಹೆಸರು, ಮತ್ತೆ ಜವಾಬ್ದಾರಿಗೆ ಒಬ್ಬ ಗಂಡಸು. ಕರಾರಿಗೆ ಅಣ್ಣ ಸಹಿ ಹಾಕುತ್ತಾನೆ. ಭಾನುವಾರ ಭಾನುವಾರ ಬಂದು ನೋಡಿ ಹೋಗುತ್ತಾನೆ. ಗಣಪತಿ ಮಸ್ಕತ್ತಿನಲ್ಲಿಯೇ ಇರುತ್ತಾನೆ. ಒಂದನೇ ತಾರೀಕಿಗೆ ಬೀಗದ ಕೈ.

"ಮದುವೆಯಾದ ತಂಗಿ ಬೇರೆ ಮನೆ ಮಾಡಿದ್ರೆ ಯಾರೂ ಏನೂ ಹೇಳುದಿಲ್ಲ. ನಿನ್ನ ಕೆಲಸವೂ ಉಳೀತದೆ, ನನ್ನ ಮಾನವೂ ಉಳೀತದೆ. ಇನ್ನೆಂತ ಬೇಕು ನಿಂಗೆ?"

ನೋಡಿದರೆ ಏನೂ ಬೇಕಿರಲಿಲ್ಲ. ಕರೆಂಟು, ನೆಟ್ಟು, ಸದ್ದು, ಪ್ರಶ್ನೆ, ನಾಲ್ಕೂ ಮುಗಿದಿತ್ತು.

"ಬೇಡ," ಅಂದೆ.

"ಎಂತ ಬೇಡ?"

"ಗಣಪತಿ ಬೇಡ. ಅವನ ಹೆಸರಲ್ಲಿ ಮನೆ ಬೇಡ. ನೀವು ಸಹಿ ಹಾಕುದೂ ಬೇಡ."

"ಅವನನ್ನು ಹುಟ್ಟಿಸಿದ್ದು ನಾನಾ ನೀನಾ?"

"ನಾನು. ಹುಟ್ಟಿಸಿದವಳೇ ಕೊಲ್ತೇನೆ."

ಅಣ್ಣನಿಗೆ ನಿಜವಾಗಿ ಅರ್ಥವಾಗಲಿಲ್ಲ. ನನಗೂ ಪೂರ್ತಿ ಆಗಿದೆ ಎಂದು ಹೇಳಲಾರೆ. ನಾನು ಹೇಳಿದಾಗ ಅದು ಆಟ. ಅಣ್ಣ ಹೇಳಿದ ಕೂಡಲೇ ನನ್ನ ಕುತ್ತಿಗೆಯಲ್ಲಿ ಭಾರ ಬಂತು. ಎರಡು ವರ್ಷಕ್ಕೊಮ್ಮೆ ರಜೆಗೆ ಗಣಪತಿ ಯಾಕೆ ಬರಲಿಲ್ಲ ಎಂದು ಊರೆಲ್ಲ ಕೇಳುವುದು, ನಾನು ಸಾಯುವವರೆಗೆ ಇಲ್ಲದ ಗಂಡನಿಗೆ ನೆಪ ಹುಡುಕುವುದು. ಮಸ್ಕತ್ತಿನಲ್ಲಿ ಇರುವವನಿಗಾಗಿ ಐರೋಲಿಯಲ್ಲಿ ನಾನು ಬಾಡಿಗೆ ಕೊಟ್ಟು ಹೆದರಿಕೊಂಡು ಇರುವುದು.

"ಒಂದು ತಿಂಗಳು," ಅಂದ ಅಣ್ಣ ಏಳುತ್ತ. "ಮೂರನೇ ಸಲ ತಡ ಆಗ್ಲಿ. ಮತ್ತೆ ಕೌಂಟರಿಗೆ ಬಂದು ಕೂತ್ಕೊಳ್ತೀ."


ನವೆಂಬರ್ 23, ಸೋಮವಾರ

ಕರೆಂಟು ಒಂಬತ್ತಕ್ಕೆ ಹೋಯಿತು. ಹನ್ನೊಂದಕ್ಕೆ ಬರಲಿಲ್ಲ. ಹನ್ನೊಂದೂವರೆಗೆ ಬಂತು. ಕೊನೆಯ ಫೈಲು ಹನ್ನೆರಡೂ ಇಪ್ಪತ್ತೆಂಟಕ್ಕೆ ಕಳಿಸಿದೆ. ಎರಡು ನಿಮಿಷ. ಊಟದ ಹೊತ್ತಿಗೆ ಅತ್ತಿಗೆ ಅನ್ನ ಕಲಸಿ ಎದುರಿಟ್ಟಳು.

ಹಿತೇಶನಿಗೆ ಫೋನು ಮಾಡಿ ಇನ್ನು ನಾನು ಒಬ್ಬಳೇ ಅಂತಲೇ ಹೇಳುವುದು ಅಂದೆ. "ಮೇಡಂ, ಹಾಗಾದರೆ ನೀವು ಬೇರೆ ಬ್ರೋಕರ್ ನೋಡಿ," ಅಂದ. ಪಾಪ, ಅವನೂ ಹೊಟ್ಟೆಪಾಡಿನವನು.


ನವೆಂಬರ್ 24, ಮಂಗಳವಾರ

ಕೆಲಸ ಮುಗಿಸಿ ಥಾಣೆಯಲ್ಲಿ ಎರಡು ಮನೆ ನೋಡಿದೆ. ಒಬ್ಬಳೇ ಅಂದೆ. ಎರಡೂ ಕಡೆ ಕುರ್ಚಿಯ ಮಾತಿರಲಿಲ್ಲ.

ಬರುವಾಗ ರೈಲಿನ ಲೇಡೀಸ್ ಡಬ್ಬದಲ್ಲಿ ಚಂದ್ರಬಾಯಿ ಸಿಕ್ಕಿದಳು. ಕ್ಲಿಪ್ಪು, ಸೇಫ್ಟಿಪಿನ್ನು ಮಾರುವವಳು. ಎಂಟು ವರ್ಷ ವಾಗ್ಳೆ ಎಸ್ಟೇಟಿಗೆ ಹೋಗಿ ಬರುವಾಗ ನನ್ನಿಂದ ವಾರಕ್ಕೊಂದು ಕ್ಲಿಪ್ಪಿನ ವ್ಯಾಪಾರ ಮಾಡಿದವಳು. ಸೊಲ್ಲಾಪುರದ ಕಡೆಯ ಕನ್ನಡ. ಮುಖ ಯಾಕ ಬಾಡೈತಿ ಅಂದಳು. ಹೇಳಿದೆ. "ಕಲ್ಯಾಣಕ್ಕ ಬರ್ತಿಯೇನು? ನಮ್ಮ ಗುರಮ್ಮಾಯಿ ಮ್ಯಾಲಿನ ಮನಿ ಖಾಲಿ ಐತಿ. ಬಾಯಿ ಖಾರ ಐತಿ ನೋಡು ಆಕೀದು," ಅಂದಳು. ಡೊಂಬಿವಲಿಯಲ್ಲಿ ಇಳಿಯದೆ ಮುಂದೆ ಹೋದೆ.

ಕಲ್ಯಾಣ ಪೂರ್ವ, ನಾಲ್ಕು ಮಾಳಿಗೆಯ ಹಳೇ ಬಿಲ್ಡಿಂಗು, ರೈಲ್ವೆಯಿಂದ ರಿಟೈರಾದವರೇ ಹೆಚ್ಚು. ಗುರಮ್ಮನದು ಕೆಳಗೊಂದು ಮನೆ, ಮೇಲೊಂದು ಮನೆ. ಅರವತ್ತೈದರ ಮೇಲೆ, ವಿಜಾಪುರದ ಕಡೆಯವರು, ಗಂಡ ಲೋಕೋ ಶೆಡ್ಡಿನಲ್ಲಿ ಇದ್ದವರು, ಈಗಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು, ತಲೆ ಎತ್ತಲಿಲ್ಲ.

"ಒಬ್ಬಾಕಿನಾ?"

"ಒಬ್ಬಳೇ."

"ಗಂಡ ಸತ್ತಾನೇನು, ಬಿಟ್ಟಾನೇನು?"

"ಎರಡೂ ಅಲ್ಲ. ಮದುವೆ ಆಗಲಿಲ್ಲ."

"ಯಾಕ?"

"ನೋಡಲಿಕ್ಕೆ ಬಂದವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ನಾನು ಒಂದು ಕೇಳಿದೆ, ಎದ್ದು ಹೋದರು."

"ಏನ್ ಕೇಳಿದ್ದಿ?"

"ಸಂಬಳ ಎಷ್ಟು ಅಂತ."

ಗುರಮ್ಮ ಈಗ ತಲೆ ಎತ್ತಿದರು. "ಛಲೋ ಮಾಡಿದಿ. ನಾ ಕೇಳಲಿಲ್ಲ, ನಲವತ್ತ ವರ್ಷ ರೊಕ್ಕ ಕೇಳಕೋತ ಕುಂತೆ." ಆಮೇಲೆ ಮೊರ ಬದಿಗಿಟ್ಟು ಹೇಳಿದರು. "ಕೇಳಿಲ್ಲೆ. ನಾಕ ಮಾಳಿಗಿ ಹತ್ತಬೇಕು, ಲಿಫ್ಟ್ ಇಲ್ಲ. ನೀರು ಮುಂಜಾನಿ ಐದೂವರಿಗೆ ಬರ್ತಾವ, ಆರಕ್ಕ ಹೋಗ್ತಾವ. ಬ್ಯಾಸಗ್ಯಾಗ ಮ್ಯಾಲಿನ ಮನಿ ಹೆಂಚಿನಂಗ ಕಾಯತೈತಿ. ಎಲ್ಲಾ ಮೊದಲ ಹೇಳೀನಿ, ಆಮ್ಯಾಲ ನನ್ನ ಮುಂದ ಬಂದು ಅಳಬ್ಯಾಡ."

ಮನೆಯ ಕೆಟ್ಟದ್ದನ್ನು ಮೊದಲು ಹೇಳಿದವರನ್ನು ಈ ತಿಂಗಳಲ್ಲಿ ಇವರೊಬ್ಬರನ್ನೇ ಕಂಡೆ. ಕೆಳಗೆ ಕುಲ್ಫಿಯವನನ್ನು ಕೇಳಿದೆ. ಈ ಸಾಲಿನ ತಂತಿಗೆ ಕರೆಂಟು ಹೋಗುವುದು ಮಧ್ಯಾಹ್ನ ಎರಡರಿಂದ ಐದು. ರಸ್ತೆಯ ಆಚೆ ಬದಿಗಾದರೆ ಬೆಳಿಗ್ಗೆ. ಆರು ಮೀಟರ್ ಅಗಲದ ರಸ್ತೆ. ಈಚೆ ಬದಿಯಲ್ಲಿ ನನ್ನ ಕೆಲಸ ಬದುಕುತ್ತದೆ, ಆಚೆ ಬದಿಯಲ್ಲಿ ಸಾಯುತ್ತದೆ.

ಹೌದು ಅಂದೆ. ಆಗ ಗುರಮ್ಮ ಸಣ್ಣ ದನಿಯಲ್ಲಿ ಅಂದರು. "ಕಮಿಟಿ ಒಂದು ಐತಿ. ಚೇರ್ಮನ್ ಶಿವರಾಯ, ರೈಲ್ವೆ ಗಾರ್ಡ್ ಇದ್ದಂವ. ಒಬ್ಬಾಕಿ ಹೆಣ್ಣಮಗಳು ಅಂದ್ರ ಕೆಂಪ ಬಾವುಟ ತೋರಸ್ತಾನ. ಗಂಡ ದೂರ ಅದಾನ ಅಂತ ಒಂದ್ ಮಾತ ಒಗದುಬಿಡು, ಮುಗೀತು."

"ಅದನ್ನು ಹೇಳುವುದಿಲ್ಲ."

"ಯಾಕ?"

"ಹೇಳಿ ನೋಡಿದ್ದೇನೆ ಗುರಮ್ಮ. ಅವನನ್ನು ಸಾಕುವುದು ಕಷ್ಟ."

ರಾತ್ರಿ ಮಲಗುವಾಗ ನೆನಪಾಯಿತು, ಇವತ್ತು ಕರಿಮಣಿ ಹಾಕಿಕೊಂಡೇ ಇರಲಿಲ್ಲ. ಎಲ್ಲಿಟ್ಟಿದ್ದೇನೋ.


ನವೆಂಬರ್ 26, ಗುರುವಾರ

ಸಂಜೆ ಆರಕ್ಕೆ ಗುರಮ್ಮನ ಮನೆಯಲ್ಲಿ ಕಮಿಟಿ. ಏಳು ಜನ ಗಂಡಸರು, ನಾನು, ಮತ್ತು ಅಡುಗೆಮನೆಯ ಹೊಸ್ತಿಲಲ್ಲಿ ಗುರಮ್ಮ.

ಶಿವರಾಯರು ಒಳ್ಳೆಯ ಮನುಷ್ಯ. ಮೊದಲು ಚಾ ತರಿಸಿದರು, ಆಮೇಲೆ ಬೇಡ ಅಂದರು.

"ನೋಡವ್ವಾ, ನಿನ್ನ ಮ್ಯಾಲ ನಮಗೇನೂ ಸಿಟ್ಟಿಲ್ಲ. ಆದ್ರ ಒಬ್ಬಾಕಿ ಹೆಣ್ಣಮಗಳು, ಇಲ್ಲೆ ಎಲ್ಲಾ ಸಂಸಾರಸ್ತರು. ನಾಳೆ ಒಂದ್ ಹೋಗಿ ಒಂದಾದ್ರ?"

"ಏನು ಆದರೆ?"

"ಅದನ್ನ ಬಾಯಿಬಿಟ್ಟು ಹೇಳಬೇಕೇನು?"

"ಹೇಳಬೇಡಿ," ಅಂದೆ. "ಬರೆಯಿರಿ."

ಎಲ್ಲರೂ ನೋಡಿದರು. ಮೇಜಿನ ಮೇಲೆ ಸೊಸೈಟಿಯ ನಡಾವಳಿ ಪುಸ್ತಕ ಇತ್ತು, ಅದನ್ನು ಶಿವರಾಯರ ಕಡೆ ಸರಿಸಿದೆ.

"ನಾನು ಜಲಜಾಕ್ಷಿ. ವಯಸ್ಸು ನಲವತ್ತೊಂದು. ಮದುವೆ ಆಗಿಲ್ಲ, ಆಗುವ ವಿಚಾರವೂ ಇಲ್ಲ. ಬೆಳಿಗ್ಗೆ ಐದೂವರೆಯಿಂದ ಹನ್ನೆರಡೂವರೆವರೆಗೆ ಅಮೆರಿಕದ ಆಸ್ಪತ್ರೆಯ ಕೆಲಸ ಮನೆಯಲ್ಲಿ ಕೂತು ಮಾಡ್ತೇನೆ. ಮೀನು ತಿನ್ನುತ್ತೇನೆ. ನಮ್ಮ ಅಣ್ಣ ಡೊಂಬಿವಲಿಯಲ್ಲಿದ್ದಾನೆ, ಅವನಿಗೆ ನಾನು ಇಲ್ಲಿಗೆ ಬರುವುದು ಇಷ್ಟ ಇಲ್ಲ. ಎಲ್ಲ ಬರೆಯಿರಿ. ಕೆಳಗೆ, ಇವಳಿಗೆ ಮನೆ ಕೊಡುವುದಿಲ್ಲ, ಕಾರಣ ಇಂಥದ್ದು ಅಂತ ಬರೆದು ಏಳು ಜನ ಸಹಿ ಹಾಕಿ. ಒಂದು ಪ್ರತಿ ನನಗೆ ಕೊಡಿ. ನಾನು ಜಗಳ ಮಾಡುವುದಿಲ್ಲ, ಚೀಲ ಎತ್ತಿಕೊಂಡು ಹೋಗ್ತೇನೆ."

"ಪ್ರತಿ ಯಾಕ ನಿನಗ?"

"ನನ್ನ ಕೆಲಸವೇ ಅದು. ಜನ ಮಾತಾಡಿದ್ದನ್ನು ಕಾಗದಕ್ಕೆ ತರುವುದು."

ಶಿವರಾಯರು ಪೆನ್ನು ತೆಗೆದರು. ತಾರೀಕು ಬರೆದರು. ನನ್ನ ಹೆಸರು ಬರೆದರು. 'ಕಾರಣ' ಎಂದು ಬರೆದು ನಿಂತರು. ಪಕ್ಕದವರ ಕಡೆ ಪೆನ್ನು ಚಾಚಿದರು. ಅವರು ಕನ್ನಡಕ ತಂದಿಲ್ಲ ಅಂದರು. ಮೂರನೆಯವರಿಗೆ ಫೋನು ಬಂತು, ನನಗಂತೂ ರಿಂಗು ಕೇಳಿಸಲಿಲ್ಲ. ಪೆನ್ನು ಏಳು ಕೈ ದಾಟಿ ಮರಳಿ ಶಿವರಾಯರ ಕೈಗೇ ಬಂತು.

ಹೊಸ್ತಿಲಿನಿಂದ ಗುರಮ್ಮ ಅಂದರು. "ಬರೀರಲ್ಲಾ ಗಾರ್ಡ್ ಸಾಹೇಬ್ರ. ಮೂವತ್ತ ವರ್ಷ ರೈಲು ಎಷ್ಟು ತಡ ಆತು, ಯಾಕ ತಡ ಆತು ಅಂತ ಬರೆದವ್ರು ನೀವು."

ಶಿವರಾಯರು ತುಂಬ ಹೊತ್ತು ಪುಸ್ತಕ ನೋಡಿದರು. "ಇದ್ರಾಗ ಬರ್ಯಾಕ ಏನೈತಿ," ಅಂದರು ಕೊನೆಗೆ. ಎನ್‌ಒಸಿಯ ಅಚ್ಚಾದ ನಮೂನೆ ಅವರ ಫೈಲಿನಲ್ಲೇ ಇತ್ತು, ತೆಗೆದು ಸಹಿ ಹಾಕಿದರು. ಬೇಡ ಎಂದು ಬರೆಯಲು ಏಳು ಜನರಿಗೆ ಕೈ ಬರಲಿಲ್ಲ, ಬೇಕು ಎಂದು ಬರೆಯಲು ಒಬ್ಬರೇ ಸಾಕಾದರು.


ನವೆಂಬರ್ 27, ಶುಕ್ರವಾರ
ಕಲ್ಯಾಣ

ನಿನ್ನೆ ಅಮೆರಿಕದಲ್ಲಿ ಹಬ್ಬ, ಡಾಕ್ಟರುಗಳಿಗೆ ರಜೆ. ಹಾಗಾಗಿ ಇವತ್ತು ಫೈಲಿಲ್ಲ. ಮನೆ ಬದಲಿಸಲು ವರ್ಷದಲ್ಲಿ ಇಂಥ ದಿನ ಅಪರೂಪ. ಮೊದಲೇ ಗುರುತು ಹಾಕಿಟ್ಟಿದ್ದೆ.

ಸೋನಾಲಿ ಮಾನಿಟರನ್ನು ಮಗುವಿನಂತೆ ಎತ್ತಿಕೊಂಡು ನಾಲ್ಕು ಮಾಳಿಗೆ ಹತ್ತಿದಳು. ಅತ್ತಿಗೆ ಒಂದು ತವಾ, ಎರಡು ಲೋಟ, ಒಂದು ಬಾಟಲಿ ಉಪ್ಪಿನಕಾಯಿ ಕಳಿಸಿದ್ದಳು. ಅಣ್ಣ ಹೋಟೆಲು ಬಿಟ್ಟು ಬರಲಿಲ್ಲ. ಹೋಟೆಲಿನ ಮುಂದೆ ಹಾದು ಬರುವಾಗ ತಿರುಗಿಯೂ ನೋಡಲಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಆಗ ಅವನು ಗಿರಾಕಿಗೆ ಚಿಲ್ಲರೆ ಎಣಿಸುತ್ತಿದ್ದ. ಅನ್ಯಾಯವಾಗಿ ಬರೆಯುವುದು ಬೇಡ.

ಕೇಬಲ್‌ವಾಲಾ ಸಂಜೆ ನೆಟ್ಟು ಹಾಕಿ ಹೋದ. ಕರಾರಿನಲ್ಲಿ ಒಂದೇ ಹೆಸರು, ನನ್ನದು.


ಡಿಸೆಂಬರ್ 1, ಮಂಗಳವಾರ

ಐದೂವರೆಗೆ ನೀರೂ ಬಂತು, ಫೈಲೂ ಬಂತು. ಬಕೆಟ್ಟು ನಲ್ಲಿಯ ಕೆಳಗಿಟ್ಟು ಮೊದಲ ಫೈಲು, ಬಕೆಟ್ಟು ಬದಲಿಸಿ ಎರಡನೆಯದು. ಹದಿನಾಲ್ಕು ಫೈಲು. ಕೊನೆಯ ಮೂರು ಒಬ್ಬನೇ ಡಾಕ್ಟರನದು. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವನಂತೆ ಮಾತಾಡುತ್ತಾನೆ. ಒಂದು ವಾಕ್ಯಕ್ಕೆ ನಾಲ್ಕು ಸಲ ಪೆಡಲು.

ಹನ್ನೊಂದಕ್ಕೆ ಬಾಗಿಲು ಬಡಿಯಿತು. ಗುರಮ್ಮ ಇರಬಹುದು ಎಂದು ಸುಮ್ಮನಿದ್ದೆ. ಮತ್ತೆ ಬಡಿಯಿತು. ಒಂದು ಕಿವಿಯ ಹೆಡ್‌ಫೋನು ಸರಿಸಿದೆ.

"ಜಲಜಾ. ನಾನು."

ಅಣ್ಣ. ನಾಲ್ಕು ಮಾಳಿಗೆ ಹತ್ತಿದ ಉಸಿರು ಬಾಗಿಲ ಈಚೆಗೂ ಕೇಳುತ್ತಿತ್ತು.

"ಅಣ್ಣ, ಹನ್ನೆರಡೂವರೆವರೆಗೆ ತೆಗೀಲಿಕ್ಕೆ ಆಗುದಿಲ್ಲ."

"ನಾನು ಬಂದದ್ದು ಮಾರಾಯ್ತಿ."

"ಗೊತ್ತಾಯ್ತು. ನೀವು ಬಂದ್ರೆ ಮಾತಿಗೆ ಕೂರ್ತೇನೆ. ಕೂತ್ರೆ ತಡ ಆಗ್ತದೆ. ಇದು ಮೂರನೇದು."

ಹೊರಗೆ ಟಿಫಿನ್ ಕ್ಯಾರಿಯರ್ ನೆಲಕ್ಕಿಟ್ಟ ಸದ್ದು. ಆಮೇಲೆ ಅವನ ದನಿ, ಈಗ ಸಣ್ಣದಾಗಿ, ತುಳುವಿನಲ್ಲಿ. ಹೋಟೆಲಲ್ಲಿ ಆ ಗಣಪತಿಯ ವಿಷಯ ದಿನಾ ಕೇಳ್ತಾರೆ. ಏನು ಹೇಳ್ಲಿ?

"ಇಲ್ಲ ಅಂತ ಹೇಳಿ."

"ಸತ್ತ ಅಂತಲಾ?"

"ಇಲ್ಲ ಅಂತ. ಇರ್ಲೇ ಇಲ್ಲ ಅಂತ. ನನ್ನ ತಂಗಿ ಕಲ್ಯಾಣದಲ್ಲಿ ಒಬ್ಬಳೇ ಇದ್ದಾಳೆ ಅಂತ."

ಹೆಡ್‌ಫೋನು ಸರಿಮಾಡಿಕೊಂಡೆ. ಆ ಡಾಕ್ಟರ ಎಪ್ಪತ್ತೆರಡು ವರ್ಷದವನೊಬ್ಬನ ಎದೆಯೊಳಗೆ ಇದ್ದ. ನಾನೂ ಅಲ್ಲಿಗೆ ಹೋದೆ. ನಡುವೆ ಒಮ್ಮೆ ಗುರಮ್ಮನ ದನಿ ಕೇಳಿದಂತಾಯಿತು, ಮೆಟ್ಟಿಲ ಮ್ಯಾಲ ಯಾಕ ಕುಂತೀರಿ, ಚಾ ಕುಡೀರಿ ಅಂತ. ಅಣ್ಣ ಏನು ಅಂದನೋ ಗೊತ್ತಿಲ್ಲ.

ಕೊನೆಯ ಫೈಲು ಹನ್ನೆರಡೂ ಹದಿನೆಂಟಕ್ಕೆ ಹೋಯಿತು. ಪೆಡಲಿನಿಂದ ಕಾಲು ತೆಗೆದು ಬಾಗಿಲ ಹತ್ತಿರ ಬಂದು ನಿಂತೆ. ಕುರ್ಚಿ ಸರಿದ ಸದ್ದು ಅವನಿಗೆ ಕೇಳಿಸಿರಬೇಕು.

"ಆಯ್ತಾ ನಿನ್ನ ಕೆಲಸ?" ಅಂದ ಆಚೆಯಿಂದ.

"ಆಯ್ತು."

"ಹಾಗಾದ್ರೆ ಬಾಗ್ಲು ತೆಗಿ."

ತೆಗೆದೆ.